ಟ್ರೈನಿಂಗ್ ಸ್ಲೈಡಿನ ಆ ಅಂಕಿ ಎಲ್ಲಿಂದ ಬಂತು? ಲೈಬ್ರರಿಯಲ್ಲಿ ಕೇಳಿ

ವಿಶ್ವವಿದ್ಯಾಲಯದ ಲೈಬ್ರರಿಯ ರೆಫರೆನ್ಸ್ ಕೌಂಟರಿಗೆ ವಿದ್ಯಾರ್ಥಿಗಳು ಮಾತ್ರ ಬರುತ್ತಾರೆ ಅಂದುಕೊಳ್ಳಬೇಡಿ. ಕಾರ್ಖಾನೆಯ ಎಚ್‌ಆರ್‌ನವರು ಬರುತ್ತಾರೆ, ಬ್ಯಾಂಕಿನ ತರಬೇತಿ ಕೇಂದ್ರದವರು ಬರುತ್ತಾರೆ, ಸೇಫ್ಟಿ ಆಫೀಸರುಗಳು ಬರುತ್ತಾರೆ. ಸ್ವಂತವಾಗಿ ಟ್ರೈನಿಂಗ್ ಕೊಡುವವರಂತೂ ಈಚೆಗೆ ಜಾಸ್ತಿ. ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: "ಸರ್, ಟ್ರೈನಿಂಗ್ ಬಗ್ಗೆ ಒಳ್ಳೆ ಪುಸ್ತಕ ಯಾವುದಿದೆ?"

ಪುಸ್ತಕ ತೋರಿಸಬಹುದು, ಕಷ್ಟವೇನಿಲ್ಲ. ಆದರೆ ಅಂಥ ಪುಸ್ತಕ ಅಂಗಡಿಯಲ್ಲೂ ಸಿಗುತ್ತದೆ. ಅದಕ್ಕಾಗಿ ಬಸ್ಸು ಹತ್ತಿ ಕ್ಯಾಂಪಸ್ಸಿಗೆ ಬರಬೇಕಾಗಿಲ್ಲ. "ನಮ್ಮ ಸ್ಲೈಡಿನಲ್ಲಿ ಹೀಗೊಂದು ಮಾತು ಇದೆ, ಇದನ್ನು ಮೊದಲು ಹೇಳಿದವರು ಯಾರು, ಯಾವ ಆಧಾರದ ಮೇಲೆ ಹೇಳಿದರು?" ಅಂತ ಕೇಳಿಕೊಂಡು ಬನ್ನಿ. ಆಗ ಲೈಬ್ರರಿಯ ನಿಜವಾದ ಉಪಯೋಗ ಗೊತ್ತಾಗುತ್ತದೆ.

ಒಂದು ಉದಾಹರಣೆಯನ್ನು ಬುಡದವರೆಗೆ ನೋಡೋಣ. "ಟ್ರೈನಿಂಗಿನಲ್ಲಿ ಕಲಿತದ್ದರಲ್ಲಿ ಶೇ. 10ರಷ್ಟು ಮಾತ್ರ ಕೆಲಸದಲ್ಲಿ ಬಳಕೆಯಾಗುತ್ತದೆ." ಈ ಸಾಲು ಕೇಳದ ಎಚ್‌ಆರ್‌ನವರು ಇರಲಿಕ್ಕಿಲ್ಲ. ಬಜೆಟ್ ಕಡಿಮೆ ಮಾಡಬೇಕು ಅನ್ನುವ ಫೈನಾನ್ಸಿನವರೂ ಇದನ್ನೇ ಹೇಳುತ್ತಾರೆ. ಹೊಸ ಪ್ರೋಗ್ರಾಂ ಮಾರಲು ಬರುವ ಕನ್ಸಲ್ಟೆಂಟೂ ಇದನ್ನೇ ಹೇಳುತ್ತಾನೆ. ಇಬ್ಬರಿಗೂ ಅನುಕೂಲವಾಗುವ ಅಂಕಿ ಕಂಡರೆ ನನಗೆ ಮೊದಲು ಅನುಮಾನ.

ಡೇಟಾಬೇಸಿನಲ್ಲಿ ಸುಮ್ನೆ 'ಟ್ರೈನಿಂಗ್' ಅಂತ ಹುಡುಕಿದರೆ ಕ್ರೀಡಾಪಟುಗಳ ಅಭ್ಯಾಸದಿಂದ ಹಿಡಿದು ಕಂಪ್ಯೂಟರ್ ಮಾಡೆಲ್‌ಗಳಿಗೆ ಕಲಿಸುವವರೆಗೆ ಎಲ್ಲವೂ ಬಂದು ಬೀಳುತ್ತದೆ. ಕಲಿತದ್ದು ಕೆಲಸದಲ್ಲಿ ಬಳಕೆಯಾಗುವುದಕ್ಕೆ ಸಂಶೋಧಕರು ಇಟ್ಟ ಹೆಸರು 'ಟ್ರಾನ್ಸ್‌ಫರ್ ಆಫ್ ಟ್ರೈನಿಂಗ್'. ಅದನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಬೇಗನೆ ಕಣ್ಣಿಗೆ ಬೀಳುವುದು ತಿಮೋತಿ ಬಾಲ್ಡ್‌ವಿನ್ ಮತ್ತು ಕೆವಿನ್ ಫೋರ್ಡ್ 1988ರಲ್ಲಿ 'ಪರ್ಸನೆಲ್ ಸೈಕಾಲಜಿ' ಎಂಬ ಜರ್ನಲ್ಲಿನಲ್ಲಿ ಬರೆದ ಲೇಖನ. ಈ ವಿಷಯದಲ್ಲಿ ಎಲ್ಲರೂ ಉಲ್ಲೇಖಿಸುವ ಲೇಖನ ಅದು. ಅಮೆರಿಕದ ಉದ್ಯಮಗಳು ತರಬೇತಿಗೆ ವರ್ಷಕ್ಕೆ 100 ಶತಕೋಟಿ ಡಾಲರ್‌ವರೆಗೆ ಖರ್ಚು ಮಾಡುತ್ತವೆ, ಅದರಲ್ಲಿ ಶೇ. 10ಕ್ಕಿಂತ ಜಾಸ್ತಿ ಕೆಲಸಕ್ಕೆ ದಾಟುವುದಿಲ್ಲ ಅಂತ ಅಂದಾಜಿದೆ, ಎಂಬ ಅರ್ಥದ ಮಾತು ಅಲ್ಲಿದೆ. ಪಕ್ಕದಲ್ಲಿ ಒಂದು ಹೆಸರು, ಒಂದು ಇಸವಿ: ಜಾರ್ಜೆನ್ಸನ್, 1982.

ಹೆಚ್ಚಿನವರು ಇಲ್ಲಿಗೇ ನಿಲ್ಲುತ್ತಾರೆ. ಹೆಸರು ಸಿಕ್ಕಿತು, ಇಸವಿ ಸಿಕ್ಕಿತು, ಸ್ಲೈಡಿನ ಕೆಳಗೆ ಸಣ್ಣಕ್ಷರದಲ್ಲಿ ಹಾಕಿದರಾಯಿತು. ಆದರೆ ಇನ್ನೊಂದು ಹೆಜ್ಜೆ ಇಡಬೇಕು. ಆ 1982ರ ಲೇಖನ ಬಂದದ್ದು ಅಮೆರಿಕದ ತರಬೇತುದಾರರ ಸಂಘದ 'ಟ್ರೈನಿಂಗ್ ಅಂಡ್ ಡೆವಲಪ್‌ಮೆಂಟ್ ಜರ್ನಲ್‌'ನಲ್ಲಿ. ಇಂಥ ಹಳೇ ಸಂಚಿಕೆಗಳು ಬೈಂಡ್ ಆಗಿ ಹಳೆಯ ಮ್ಯಾನೇಜ್‌ಮೆಂಟ್ ವಿಭಾಗಗಳಿರುವ ಲೈಬ್ರರಿಗಳಲ್ಲಿ ಧೂಳು ತಿನ್ನುತ್ತಾ ಕೂತಿರುತ್ತವೆ. ಇಲ್ಲದಿದ್ದರೆ ಡೆಲ್‌ನೆಟ್‌ನಂಥ ಜಾಲದ ಮೂಲಕ ಬೇರೆ ಲೈಬ್ರರಿಯಿಂದ ಲೇಖನದ ಪ್ರತಿ ತರಿಸಲು ಕೇಳಬಹುದು. ತೆರೆದು ನೋಡಿದರೆ ಅಲ್ಲಿ ಸರ್ವೆ ಇಲ್ಲ, ಕೋಷ್ಟಕ ಇಲ್ಲ. ಟ್ರೈನಿಂಗ್ ಡೈರೆಕ್ಟರುಗಳು "ಕ್ಲಾಸಿನಲ್ಲಿ ಹೇಳಿದ್ದರಲ್ಲಿ ಶೇ. 10ರಷ್ಟೇ ಕೆಲಸದಲ್ಲಿ ಕಾಣುತ್ತದೆ ಅಂತ ನನ್ನ ಅಂದಾಜು" ಅಂತ ಹೇಳುವುದನ್ನು ನೀವು ಎಷ್ಟು ಸಲ ಕೇಳಿಲ್ಲ ಎಂಬ ಧಾಟಿಯ ಪ್ರಶ್ನೆಯೊಂದಿದೆ, ಅಷ್ಟೇ. ಮಾತಿನ ಭರದಲ್ಲಿ ಬರೆದ ಸಾಲು. ರಾಬರ್ಟ್ ಫಿಟ್ಸ್‌ಪ್ಯಾಟ್ರಿಕ್ ಎಂಬವರು 2001ರಲ್ಲಿ ಇದೇ ದಾರಿ ಹಿಡಿದು ಹಿಂದಕ್ಕೆ ಹೋಗಿ, ಈ ಅಂಕಿಗೆ ತಳವೇ ಇಲ್ಲ ಅಂತ ತೋರಿಸಿದರು. ಅದಾದ ಮೇಲೂ ಅದು ಸ್ಲೈಡುಗಳಲ್ಲಿ ಆರಾಮಾಗಿ ಬದುಕಿದೆ.

ಹಾಗಾದರೆ ಅದರ ಜಾಗದಲ್ಲಿ ಏನು ಹಾಕುವುದು? ಅಲನ್ ಸ್ಯಾಕ್ಸ್ ಮತ್ತು ಮೋನಿಕಾ ಬೆಲ್ಕೋರ್ಟ್ 2006ರಲ್ಲಿ ಕೆನಡಾದ ತರಬೇತಿ ವೃತ್ತಿಪರರನ್ನು ಕೇಳಿದ್ದರು. ಕಲಿತದ್ದನ್ನು ಟ್ರೈನಿಂಗ್ ಮುಗಿದ ತಕ್ಷಣ ಬಳಸುವವರು ಶೇ. 62, ಆರು ತಿಂಗಳಿಗೆ ಶೇ. 44, ವರ್ಷದ ನಂತರ ಶೇ. 34 ಅಂತ ಉತ್ತರ ಬಂತು. ಇದೂ ತರಬೇತುದಾರರ ಅಂದಾಜೇ, ಅಳತೆ ಅಲ್ಲ. ಆದರೆ ಯಾರನ್ನು ಕೇಳಿದರು, ಏನು ಕೇಳಿದರು ಅಂತ ಗೊತ್ತಿದೆ. ಇನ್ನೂ ಗಟ್ಟಿ ಬೇಕೆಂದರೆ 2010ರಲ್ಲಿ 'ಜರ್ನಲ್ ಆಫ್ ಮ್ಯಾನೇಜ್‌ಮೆಂಟ್‌'ನಲ್ಲಿ ಬ್ಲೂಮ್ ಮತ್ತು ಜೊತೆಗಾರರು 89 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ್ದಾರೆ. ಬಾಲ್ಡ್‌ವಿನ್, ಫೋರ್ಡ್ ಇಬ್ಬರೂ ಆ ತಂಡದಲ್ಲಿದ್ದಾರೆ. ಕಲಿಯುವವರ ಉತ್ಸಾಹ, ಶ್ರದ್ಧೆ, ಕೆಲಸದ ಜಾಗದಲ್ಲಿ ಸಿಗುವ ಬೆಂಬಲ, ಇವೆಲ್ಲ ಬಳಕೆಯ ಜೊತೆ ನಂಟು ಹೊಂದಿವೆ ಅಂತ ಅಲ್ಲಿ ಕಾಣುತ್ತದೆ. ಒಂದೇ ಅಂಕಿಯಲ್ಲಿ ಹೇಳುವಂಥದ್ದಲ್ಲ ಇದು. ಆದರೆ ಸೂಪರ್‌ವೈಸರ್‌ಗಳನ್ನೂ ಟ್ರೈನಿಂಗಿಗೆ ಕರೆಯಿರಿ ಅಂತ ಮ್ಯಾನೇಜ್‌ಮೆಂಟ್ ಮುಂದೆ ವಾದ ಮಾಡಲು ಆ ಶೇ. 10ಕ್ಕಿಂತ ಇದು ಎಷ್ಟೋ ವಾಸಿ.

"ಓದಿದ್ದರಲ್ಲಿ ಶೇ. 10 ನೆನಪಿರುತ್ತದೆ, ಮಾಡಿದ್ದರಲ್ಲಿ ಶೇ. 90" ಅನ್ನುವ ತ್ರಿಕೋನ ಚಿತ್ರದ ಕಥೆಯೂ ಇಂಥದ್ದೇ. ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ 1946ರಲ್ಲಿ ಬರೆದ ಶಂಕುವಿನ ಚಿತ್ರದಲ್ಲಿ ಶೇಕಡಾವಾರು ಇರಲೇ ಇಲ್ಲ. ಅಂಕಿಗಳನ್ನು ಆಮೇಲೆ ಯಾರೋ ಅಂಟಿಸಿದ್ದು.

ಇನ್ನು ಕಪಾಟುಗಳ ವಿಷಯ. ಪುಸ್ತಕಗಳನ್ನು ವಿಷಯಕ್ಕೊಂದು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿ ಇರುವ ಲೈಬ್ರರಿಯಲ್ಲಿ ಸಿಬ್ಬಂದಿ ತರಬೇತಿಯ ಪುಸ್ತಕಗಳು 658.3124ರಲ್ಲಿ ಇರುತ್ತವೆ. ಬಂದವರು ಅಲ್ಲಿ ಎರಡು ಸಾಲು ನೋಡಿ "ಇಷ್ಟೇನಾ?" ಅಂತ ವಾಪಸ್ ಹೋಗುತ್ತಾರೆ. ದೊಡ್ಡವರಿಗೆ ಹೇಗೆ ಕಲಿಸುವುದು ಎಂಬುದು 374ರಲ್ಲಿದೆ, ಕೈಗಾರಿಕಾ ಮನೋವಿಜ್ಞಾನ 158.7ರಲ್ಲಿ, ಕೆಲಸದ ಜಾಗದ ಅಪಾಯಗಳು 363.11ರಲ್ಲಿ, ಕಾರ್ಮಿಕ ಕಾನೂನು 344.01ರಲ್ಲಿ. ಒಂದೇ ವಿಷಯ ಮೂರು ಮಹಡಿಗಳಲ್ಲಿ ಹಂಚಿಹೋಗಿರುತ್ತದೆ. ಫೋರ್ಕ್‌ಲಿಫ್ಟ್ ಓಡಿಸುವವರಿಗೆ ಸುರಕ್ಷತಾ ತರಬೇತಿ ರೂಪಿಸುವವರು ಮ್ಯಾನೇಜ್‌ಮೆಂಟ್ ಕಪಾಟಿನ ಮುಂದೆಯೇ ನಿಂತರೆ ಅರ್ಧ ಸಾಮಗ್ರಿ ತಪ್ಪಿಹೋಗುತ್ತದೆ.

ಹೊರಗಿನವರನ್ನು ಒಳಗೆ ಬಿಡುತ್ತಾರಾ? ಒಂದೊಂದು ಕಡೆ ಒಂದೊಂದು ನಿಯಮ. ಹಳೇ ವಿದ್ಯಾರ್ಥಿಯಾಗಿದ್ದರೆ ಆ ದಾರಿಯಲ್ಲಿ ಕೇಳಿ. ಇಲ್ಲದಿದ್ದರೆ ಕಂಪನಿಯ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ, ಗುರುತಿನ ಚೀಟಿ ತನ್ನಿ. ಅಲ್ಲೇ ಕೂತು ಓದಲು ಅನುಮತಿ ಸಿಗುವುದು ಕಷ್ಟವಲ್ಲ, ಪುಸ್ತಕ ಮನೆಗೆ ಒಯ್ಯುವುದು ಬೇರೆ ಮಾತು. ಜರ್ನಲ್‌ಗಳಂತೂ ಈಗ ಹೆಚ್ಚುಕಮ್ಮಿ ಎಲ್ಲವೂ ಕ್ಯಾಂಪಸ್ ನೆಟ್‌ವರ್ಕಿನ ಮೇಲೆ ನಿಂತಿವೆ. ಎಲ್ಲರ ಪರವಾಗಿ ಒಟ್ಟಿಗೆ ಜರ್ನಲ್‌ಗಳ ಚಂದಾ ಕಟ್ಟುವ ಕೇಂದ್ರ ಸರ್ಕಾರದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆ 2025ರ ಜನವರಿಯಿಂದ ಶುರುವಾಗಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು. ಸರ್ಕಾರಿ ವಿಶ್ವವಿದ್ಯಾಲಯಗಳಿಗೆ, ಸರ್ಕಾರಿ ಕಾಲೇಜುಗಳಿಗೆ ಇದು ಸಿಗುತ್ತದೆ. ವೈಲಿ, ಸೇಜ್ ಪ್ರಕಾಶಕರೂ ಪಟ್ಟಿಯಲ್ಲಿದ್ದಾರೆ. ಅಂದರೆ ಮೊದಲು ದೊಡ್ಡ ಮ್ಯಾನೇಜ್‌ಮೆಂಟ್ ಸಂಸ್ಥೆಗಳಲ್ಲಿ ಮಾತ್ರ ಸಿಗುತ್ತಿದ್ದ ಜರ್ನಲ್‌ಗಳು ಈಗ ನಿಮ್ಮ ಜಿಲ್ಲೆಯ ವಿಶ್ವವಿದ್ಯಾಲಯದಲ್ಲೂ ತೆರೆಯಬಹುದು. ಹೊರಗಿನ ಓದುಗರು ಬಳಸಬಹುದಾ ಎಂಬುದನ್ನು ಮಾತ್ರ ಕೌಂಟರಿನಲ್ಲಿ ಕೇಳಿ, ವಿದ್ಯಾರ್ಥಿಯೊಬ್ಬನ ಪಾಸ್‌ವರ್ಡ್ ಕಡ ತಗೋಬೇಡಿ.

"ಇದೆಲ್ಲ ಅಮೆರಿಕದ ಕಥೆ ಆಯ್ತು, ನಮ್ಮ ಕಡೆಯದ್ದು ಇಲ್ವಾ ಸರ್?" ಅಂತ ಕೇಳುವವರಿದ್ದಾರೆ. ಇದೆ, ಅದೂ ನಮ್ಮ ಬೆಂಗಳೂರಿನದ್ದೇ. ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನ್ಯಶಾಧಮ್ ಎಂಬ ಅರ್ಥಶಾಸ್ತ್ರಜ್ಞರು ಬೆಂಗಳೂರಿನ ಶಾಹಿ ಎಕ್ಸ್‌ಪೋರ್ಟ್ಸ್‌ನ ಐದು ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಅಧ್ಯಯನ ಮಾಡಿದರು. ಮಾತುಕತೆ, ಸಮಯ ಹೊಂದಿಸಿಕೊಳ್ಳುವುದು, ಸಮಸ್ಯೆ ಬಿಡಿಸುವುದು ಇಂಥವನ್ನು ಕಲಿಸುವ ತರಬೇತಿಗೆ ಹೆಣ್ಣುಮಕ್ಕಳು ತಾವೇ ಹೆಸರು ಕೊಟ್ಟರು. ಯಾರಿಗೆ ಸಿಗಬೇಕು ಎಂಬುದನ್ನು ಲಾಟರಿ ಎತ್ತಿ ತೀರ್ಮಾನಿಸಿದರು. ಹಾಗಾಗಿ ತರಬೇತಿ ಸಿಕ್ಕವರನ್ನೂ ಸಿಗದವರನ್ನೂ ನ್ಯಾಯವಾಗಿ ಹೋಲಿಸಲು ಬರುತ್ತದೆ. ತರಬೇತಿ ಪಡೆದವರ ಕೆಲಸದ ವೇಗ ಹೆಚ್ಚಿತು. ಹಾಕಿದ ಹಣಕ್ಕೆ ಕಂಪನಿಗೆ ತರಬೇತಿ ಮುಗಿದು ಎಂಟು ತಿಂಗಳಾಗುವಷ್ಟರಲ್ಲಿ ಶೇ. 250ಕ್ಕೂ ಮೀರಿ ಲಾಭ ಬಂತು. ಸಂಬಳ ಏರಿದ್ದು ಮಾತ್ರ ಶೇ. 0.5ರಷ್ಟು. ಟ್ರೈನಿಂಗ್ ಬಜೆಟ್ ಕೇಳುವವರು ಮೊದಲ ಅಂಕಿಯನ್ನು ತೋರಿಸುತ್ತಾರೆ, ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಎರಡನ್ನೂ ಹಾಕಬೇಕು ಅನ್ನುವುದು ನನ್ನ ಅಭಿಪ್ರಾಯ. ಇದು 2018ರಲ್ಲಿ ವರ್ಕಿಂಗ್ ಪೇಪರ್ ಆಗಿ ಹೊರಬಂತು, 2023ರಲ್ಲಿ 'ಜರ್ನಲ್ ಆಫ್ ಪೊಲಿಟಿಕಲ್ ಇಕಾನಮಿ'ಯಲ್ಲಿ ಪ್ರಕಟವಾಯಿತು. ಯಾವ ಅಧ್ಯಯನವಾದರೂ ಸರಿ, ಜರ್ನಲ್ಲಿಗೆ ಹೋಗುವಷ್ಟರಲ್ಲಿ ಲೆಕ್ಕಗಳು ತಿದ್ದುಪಡಿ ಆಗಬಹುದು. ಉಲ್ಲೇಖಿಸುವಾಗ ಕೊನೆಯ ರೂಪವನ್ನೇ ಹಿಡಿಯಿರಿ.

ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಎಂಬ ಲೈಬ್ರರಿ ಜಾಲದ ಕೇಂದ್ರ ನಡೆಸುವ ಶೋಧಗಂಗಾ ನಿಮಗೆ ಗೊತ್ತಿರಬಹುದು. ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಅಲ್ಲಿವೆ. ಮನೆಯಲ್ಲೇ ಕೂತು ಉಚಿತವಾಗಿ ಓದಬಹುದು. ಬ್ಯಾಂಕು, ಸಾರಿಗೆ, ಸಾರ್ವಜನಿಕ ಉದ್ದಿಮೆಗಳ ತರಬೇತಿಯ ಮೇಲೆ ಪ್ರಬಂಧಗಳಿಗೇನೂ ಬರವಿಲ್ಲ. ಮುಚ್ಚುಮರೆ ಇಲ್ಲದೆ ಹೇಳುವುದಾದರೆ ಬಹಳಷ್ಟು ಪ್ರಬಂಧಗಳ ತೀರ್ಮಾನ ಒಂದೇ ಥರ: ನೌಕರರಿಗೆ ತರಬೇತಿ ತೃಪ್ತಿ ತಂದಿದೆ. ತೃಪ್ತಿ ಆಯ್ತಾ ಅಂತ ಕೇಳಿದರೆ ಯಾರು ತಾನೇ ಇಲ್ಲ ಅಂತಾರೆ, ಅದೂ ಮೇಲಧಿಕಾರಿ ಹಂಚಿದ ಫಾರ್ಮಿನಲ್ಲಿ? ಆ ತೀರ್ಮಾನಗಳನ್ನು ಬಿಟ್ಟು ಅನುಬಂಧಕ್ಕೆ ಹೋಗಿ. ಅಲ್ಲಿ ಪ್ರಶ್ನಾವಳಿ ಪೂರ್ತಿ ಇರುತ್ತದೆ, ಕೆಲವದರಲ್ಲಿ ಕನ್ನಡದಲ್ಲೂ ಇರುತ್ತದೆ. ನಿಮ್ಮ ಕಾರ್ಖಾನೆಗೆ ಸರ್ವೆ ಮಾಡಬೇಕಿದ್ದರೆ ಅದೊಂದು ಒಳ್ಳೆ ಶುರುವಾತು, ಯಾರದ್ದು ಅಂತ ಹೆಸರು ಹಾಕಿ ಬಳಸಿ. ಎರಡನೇ ಅಧ್ಯಾಯದ ಸಾಹಿತ್ಯ ಸಮೀಕ್ಷೆಯಲ್ಲಿ ಭಾರತದ ಹಳೇ ಲೇಖನಗಳ ಜಾಡೂ ಸಿಗುತ್ತದೆ. ಕಪಾಟಿನಲ್ಲಿ ಸಾಲಾಗಿ ನಿಂತ ಎಂಬಿಎ ಪ್ರಾಜೆಕ್ಟ್ ರಿಪೋರ್ಟುಗಳನ್ನು ಮಾತ್ರ ದಯವಿಟ್ಟು ಆಧಾರ ಮಾಡಿಕೊಳ್ಳಬೇಡಿ.

ಕಾನೂನಿನ ಟ್ರೈನಿಂಗ್ ಮಾಡುವವರು ಪುಸ್ತಕದ ಇಸವಿ ನೋಡಲೇಬೇಕು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ 19ನೇ ಕಲಮು ಅರಿವು ಕಾರ್ಯಕ್ರಮಗಳನ್ನು ನಡೆಸುವುದು ಉದ್ಯೋಗದಾತರ ಕರ್ತವ್ಯ ಅನ್ನುತ್ತದೆ. ಅದನ್ನು ಕನ್ಸಲ್ಟೆಂಟಿನ ಬ್ರೋಷರಿನಲ್ಲಿ ಓದುವ ಬದಲು ಕಾಯ್ದೆಯಲ್ಲೇ ಓದಿ, ಎರಡು ನಿಮಿಷದ ಕೆಲಸ. ಸುರಕ್ಷತೆಯ ಕಡೆ ಸ್ವಲ್ಪ ಜಾಸ್ತಿ ಎಚ್ಚರ ಬೇಕು. 1948ರ ಫ್ಯಾಕ್ಟರಿ ಕಾಯ್ದೆಯ ವ್ಯಾಖ್ಯಾನ ಗ್ರಂಥಗಳು ಕಪಾಟಿನ ತುಂಬ ಇವೆ. ಆದರೆ 2025ರ ನವೆಂಬರ್ 21ರಿಂದ ಹಳೇ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೇ ಪುಸ್ತಕ ನೋಡಿ ಮಾಡಿದ ಸ್ಲೈಡನ್ನು ಅವುಗಳ ಜೊತೆ ಹೋಲಿಸಿ ನೋಡದೆ ಬಳಸಬೇಡಿ.

ಈಚೆಗೆ ಇನ್ನೊಂದು ಹೊಸ ತಲೆನೋವು. ಚಾಟ್‌ಬಾಟ್ ಕೊಟ್ಟ ಲೇಖನಗಳ ಪಟ್ಟಿಯನ್ನು ಪ್ರಿಂಟ್ ಹಾಕಿಕೊಂಡು ಬರುತ್ತಾರೆ. ಲೇಖಕರ ಹೆಸರು ನಿಜ, ಜರ್ನಲ್ ನಿಜ, ಲೇಖನ ಮಾತ್ರ ಎಲ್ಲೂ ಇಲ್ಲ. ಸಂಪುಟ, ಪುಟಸಂಖ್ಯೆ ಹಿಡಿದು ಆ ಸಂಚಿಕೆ ತೆರೆದರೆ ಅದೇ ಪುಟದಲ್ಲಿ ಬೇರೆ ಯಾರದ್ದೋ ಲೇಖನ ಇರುತ್ತದೆ. "ಲೈಬ್ರರಿಯಲ್ಲಿ ಇಲ್ಲ ಅಷ್ಟೇ, ಬೇರೆ ಕಡೆ ಇರಬಹುದು" ಅಂತ ವಾದ ಮಾಡುವವರೂ ಇದ್ದಾರೆ. ಇಂಥ ಪಟ್ಟಿ ಇದ್ದರೆ ಮೊದಲು ಜರ್ನಲ್ಲಿನ ವೆಬ್‌ಸೈಟಿನಲ್ಲಿ ಆ ಸಂಚಿಕೆಯ ಪರಿವಿಡಿ ನೋಡಿಕೊಂಡು ಬನ್ನಿ. ಅರ್ಧ ಪಟ್ಟಿ ಅಲ್ಲೇ ಕರಗಿಹೋದರೂ ಹೋದೀತು.

ಜೆರಾಕ್ಸ್ ಬಗ್ಗೆ ಒಂದು ಮಾತು. ನಿಮ್ಮ ಸ್ವಂತ ಸಂಶೋಧನೆಗೆ ಒಂದು ಲೇಖನದ ಪ್ರತಿ ತೆಗೆದುಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಅವಕಾಶ ಇದೆ. ಅದನ್ನೇ ನಲವತ್ತು ಪ್ರತಿ ಮಾಡಿ ಕಂಪನಿಯ ಟ್ರೈನಿಂಗಿನಲ್ಲಿ ಹಂಚುವುದಕ್ಕೆ ಆ ಕಲಮು ರಕ್ಷಣೆ ಕೊಡುತ್ತದೆ ಅಂದುಕೊಳ್ಳಬೇಡಿ. ಇನ್ನು ಪರೀಕ್ಷೆಯ ತಿಂಗಳಲ್ಲಿ ಬಂದರೆ ಕೂರಲು ಕುರ್ಚಿ ಸಿಗುವುದಿಲ್ಲ, ಹಳೇ ಸಂಪುಟ ಇಳಿಸಿಕೊಡಲು ನಮ್ಮವರಿಗೆ ಪುರುಸೊತ್ತೂ ಇರುವುದಿಲ್ಲ. ರಜೆಯ ದಿನಗಳಲ್ಲಿ ಬೆಳಿಗ್ಗೆಯೇ ಬನ್ನಿ, ಬರುವ ಮುಂಚೆ ಒಂದು ಫೋನ್ ಮಾಡಿ, ಯಾವ ಸಾಲಿನ ಮೂಲ ಹುಡುಕುತ್ತಿದ್ದೀರಿ ಅಂತ ಹೇಳಿಬಿಡಿ.