ಹಳೇ ಕಮಾರೊಗೆ ಯಾವ ಎಂಜಿನ್? ಲೆಕ್ಕ ಹಾಕಿ ನೋಡೋಣ

ಬೋರ್ (ಸಿಲಿಂಡರಿನ ವ್ಯಾಸ), ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ), ಕಂಪ್ರೆಷನ್ ರೇಷಿಯೋ (ಸಿಲಿಂಡರಿನೊಳಗಿನದನ್ನು ಎಷ್ಟು ಪಟ್ಟು ಅದುಮುತ್ತದೆ ಅನ್ನುವ ಅನುಪಾತ). ಮೆಕ್ಯಾನಿಕಲ್ ಓದಿದವರೆಲ್ಲ ಇವನ್ನು ಪರೀಕ್ಷೆಗೆ ಬರೆದು ಅಲ್ಲೇ ಬಿಟ್ಟು ಬಂದಿರುತ್ತೇವೆ. ಅಮೆರಿಕದ ಹಳೇ ಮಸಲ್ ಕಾರೊಂದಕ್ಕೆ ಎಂಜಿನ್ ಆರಿಸುವ ಲೆಕ್ಕ ಹಿಡಿದು ಕೂತ ಮೇಲೆ ನನಗೆ ಅವು ನಿಜವಾಗಿ ತಲೆಗೆ ಹತ್ತಿದವು. ಕ್ಯಾಲ್ಕುಲೇಟರ್ ಪಕ್ಕದಲ್ಲಿಟ್ಟುಕೊಂಡು ಓದಿ.

ನಮ್ಮ ಉದಾಹರಣೆಯ ಕಾರು 1969ರ ಷೆವರ್ಲೆ ಕಮಾರೊ. ಒಳಗಿರುವುದು 350 ಕ್ಯೂಬಿಕ್ ಇಂಚಿನ, ಅಂದರೆ 5.7 ಲೀಟರಿನ, ಎಂಟು ಸಿಲಿಂಡರಿನ ವಿ8. ಎಂಜಿನ್ ಸೋತಿದೆ, ಹೊಗೆ ಬರುತ್ತಿದೆ ಅಂತಿಟ್ಟುಕೊಳ್ಳಿ. ಯಜಮಾನರಿಗೆ ಎರಡೂ ಬೇಕು. ದಿನಾ ರಸ್ತೆಯಲ್ಲೂ ಓಡಿಸಬೇಕು, ತಿಂಗಳಿಗೊಮ್ಮೆ ಡ್ರ್ಯಾಗ್ ಸ್ಟ್ರಿಪ್‌ಗೂ ಒಯ್ಯಬೇಕು. ಸ್ಟ್ರಿಪ್ ಅಂದರೆ ನೇರವಾದ ಕಾಲು ಮೈಲಿ. 1,320 ಅಡಿ, ಸುಮಾರು 402 ಮೀಟರ್.

ಎಷ್ಟು ಪವರ್ ಬೇಕು?

ಎಲ್ಲರೂ ಮೊದಲು ಎಂಜಿನ್ ಹೆಸರು ಹೇಳುತ್ತಾರೆ. ನಾವು ಗಡಿಯಾರದಿಂದ ಶುರು ಮಾಡೋಣ. ಕಾಲು ಮೈಲಿ ಓಡಲು ಎಷ್ಟು ಹೊತ್ತು ಬೇಕು ಅನ್ನುವುದಕ್ಕೆ ಡ್ರ್ಯಾಗ್ ರೇಸಿಂಗ್‌ನವರು ಬಳಸುವ ಒಂದು ಅಂದಾಜು ಸೂತ್ರವಿದೆ:

ಸಮಯ (ಸೆಕೆಂಡ್) = 5.825 × (ತೂಕ ÷ ಹಾರ್ಸ್‌ಪವರ್) ಇದರ ಘನಮೂಲ

ತೂಕ ಪೌಂಡ್‌ನಲ್ಲಿ, ಡ್ರೈವರನ್ನೂ ಸೇರಿಸಿ. ಕಾರು ಮತ್ತು ಡ್ರೈವರ್ ಸೇರಿ 3,600 ಪೌಂಡ್, ಪವರ್ 450 ಅಂತಿಟ್ಟುಕೊಳ್ಳಿ. ಭಾಗಿಸಿದರೆ 8. ಘನಮೂಲ 2. ಸಮಯ 11.65 ಸೆಕೆಂಡ್. (ಲೆಕ್ಕ ಸುಲಭವಾಗಲಿ ಅಂತಲೇ 450 ಹಿಡಿದೆ. ಆದರೆ ಅದೇ ಸರಿಯಾದ ಗುರಿಯೂ ಆಗಿಬಿಟ್ಟಿತು.)

ಹೇಗೆ ಅಂದರೆ, ಡ್ರ್ಯಾಗ್ ರೇಸಿಂಗ್ ನಡೆಸುವ ಎನ್‌ಎಚ್‌ಆರ್‌ಎ ನಿಯಮದ ಪ್ರಕಾರ 13.99 ಸೆಕೆಂಡ್ ಅಥವಾ ಅದಕ್ಕಿಂತ ಬೇಗ ಓಡುವವರು ಹೆಲ್ಮೆಟ್ ಹಾಕಲೇಬೇಕು. 11.49ಕ್ಕೆ ಬಂದರೆ ಇಂಥ ಹಳೇ ಕಾರಿಗೆ ರೋಲ್ ಬಾರ್, ಅಂದರೆ ಕಾರು ಮಗುಚಿದರೆ ಕಾಯುವ ಉಕ್ಕಿನ ಪೈಪ್ ಕಡ್ಡಾಯ. ತಲೆಯ ಹತ್ತಿರ ಉಕ್ಕಿನ ಪೈಪ್ ಇಟ್ಟುಕೊಂಡು, ಹೆಲ್ಮೆಟ್ ಇಲ್ಲದೆ, ಹೆಂಡತಿ ಮಕ್ಕಳ ಜೊತೆ ಊರೊಳಗೆ ಓಡಾಡುವುದು ಒಳ್ಳೆಯದಲ್ಲ. ಹಾಗಾಗಿ ಆ ಗೆರೆಯ ಈಚೆಗೇ ನಿಂತರೆ ಕ್ಷೇಮ. 450 ಸಾಕು. 600ರ ಕನಸು ಬೇಡ.

ಇಲ್ಲೊಂದು ಹಳ್ಳ ಇದೆ. 1969ರ ಎಸ್‌ಎಸ್ 350 ಕಮಾರೊ ಕೈಪಿಡಿಯಲ್ಲಿ 300 ಹಾರ್ಸ್‌ಪವರ್ ಅಂತಿತ್ತು. ಸೂತ್ರಕ್ಕೆ ಹಾಕಿದರೆ 13.3 ಸೆಕೆಂಡ್ ಬರುತ್ತದೆ. ಶೋರೂಮಿನಿಂದ ಬಂದ ಕಾರು ಅಷ್ಟು ಬೇಗ ಓಡುತ್ತಿರಲಿಲ್ಲ. ಆಗಿನ ಅಂಕಿಗಳು ‘ಗ್ರಾಸ್’. ಎಂಜಿನ್ನನ್ನು ಸ್ಟ್ಯಾಂಡ್ ಮೇಲಿಟ್ಟು, ಕಾರಿನ ಸೈಲೆನ್ಸರ್ ಮತ್ತು ಏರ್ ಫಿಲ್ಟರ್‌ನ ಹೊರೆ ಇಲ್ಲದೆ ಅಳೆಯುತ್ತಿದ್ದರು. ಇವನ್ನೆಲ್ಲ ಜೋಡಿಸಿ ಅಳೆಯುವ ‘ನೆಟ್’ ಲೆಕ್ಕ 1972ರಿಂದ ಬಂತು. ಹಳೇ ಜಾಹೀರಾತಿನ ಅಂಕಿಯನ್ನು ಸೂತ್ರಕ್ಕೆ ಹಾಕಬೇಡಿ.

ಮೂರು ದಾರಿ

ಒಂದು, ಬಿಗ್ ಬ್ಲಾಕ್, ಅಂದರೆ ಷೆವರ್ಲೆಯ ದೊಡ್ಡ ಗಾತ್ರದ ಎಂಜಿನ್ ಸಾಲು. 1970ರಲ್ಲಿ ಬಂದ 454 ಕ್ಯೂಬಿಕ್ ಇಂಚಿನದು. ಬಾನೆಟ್ ಎತ್ತಿದರೆ ನಾಲ್ಕು ಜನ ಸೇರುತ್ತಾರೆ, ಅದು ನಿಜ. ಆದರೆ ಎರಕದ ಕಬ್ಬಿಣದ ಈ ಎಂಜಿನ್ ನಮ್ಮ 350ರಂಥ ಸ್ಮಾಲ್ ಬ್ಲಾಕ್‌ಗಿಂತ ಸುಮಾರು 100 ಪೌಂಡ್ ಜಾಸ್ತಿ ತೂಗುತ್ತದೆ. ಆ ಭಾರವೆಲ್ಲ ಮುಂದಿನ ಚಕ್ರದ ಮೇಲೆ. ಹಿಡಿತ ಬೇಕಾಗಿರುವುದು ಹಿಂದಿನ ಚಕ್ರಕ್ಕೆ. 450ರ ಗುರಿಗೆ ಇದು ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಸದ್ದಿಗೆ ಮನಸೋತವರ ಜೊತೆ ವಾದ ಮಾಡುವುದಿಲ್ಲ.

ಎರಡು, ಎಲ್‌ಎಸ್. 1997ರಲ್ಲಿ ಷೆವರ್ಲೆಯ ಕಾರ್ವೆಟ್ ಕಾರಿನ ಮೂಲಕ ಬಂದ ಎಂಜಿನ್‌ಗಳ ಹೊಸ ಪೀಳಿಗೆ. ಇದರಲ್ಲಿ 6.2 ಲೀಟರಿನ ಎಲ್‌ಎಸ್3 ಫ್ಯಾಕ್ಟರಿಯಿಂದಲೇ 430 ಹಾರ್ಸ್‌ಪವರ್ ಕೊಡುತ್ತದೆ. ನಮ್ಮ ಸೂತ್ರದಲ್ಲಿ 11.8 ಸೆಕೆಂಡ್. ಅಲ್ಯೂಮಿನಿಯಂ ಬ್ಲಾಕ್ ಆದ್ದರಿಂದ ಹಗುರ. ಬೆಳಗಿನ ಚಳಿಯಲ್ಲೂ ಸೆಲ್ಫ್ ಒತ್ತಿದರೆ ಸ್ಟಾರ್ಟ್. ಖರ್ಚು ಬರುವುದು ಎಂಜಿನ್ನಿಗಿಂತ ಅದರ ಸುತ್ತಲಿನದಕ್ಕೆ. ಕಾರ್ಬ್ಯುರೇಟರ್‌ಗೆ 6 ಪಿಎಸ್‌ಐ ಆಸುಪಾಸಿನ ಪೆಟ್ರೋಲ್ ಒತ್ತಡ ಸಾಕಿತ್ತು, ಇದಕ್ಕೆ 58 ಬೇಕು. ಹಾಗಾಗಿ ಪಂಪ್ ಮತ್ತು ಪೈಪ್ ಹೊಸದು, ಎಷ್ಟೋ ಸಲ ಟ್ಯಾಂಕೂ ಹೊಸದು. ವೈರಿಂಗ್, ಕಂಪ್ಯೂಟರ್, ಮೌಂಟು, ಆಯಿಲ್ ಚೇಂಬರ್, ಎಕ್ಸಾಸ್ಟ್ ಎಲ್ಲ ಬದಲಾಗಬೇಕು. ದಿನಾ ಆಫೀಸಿಗೆ ಇದೇ ಕಾರು ಅನ್ನುವವರು ಕಣ್ಣು ಮುಚ್ಚಿ ಇದನ್ನೇ ತೆಗೆದುಕೊಳ್ಳಲಿ.

ಮೂರು, 383. ನನಗೆ ತುಂಬಾ ಇಷ್ಟವಾದ ಪಾಠ ಇದು.

383 ಅಂತ ಎಂಜಿನ್ ಷೆವರ್ಲೆ ಆ ಕಾಲದ ಕಾರುಗಳಿಗೆ ಮಾಡಿರಲಿಲ್ಲ. ಅದು ಗ್ಯಾರೇಜಿನವರ ಕೈಚಳಕ. 350ರ ಬೋರ್ 4.00 ಇಂಚು, ಸ್ಟ್ರೋಕ್ 3.48. ಅದರ ಅಣ್ಣ 400ರ ಸ್ಟ್ರೋಕ್ 3.75. 350ರ ಬ್ಲಾಕನ್ನು 30 ಥೌ (ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಬೋರ್ ಮಾಡಿಸಿ 4.03 ಮಾಡಿದರು. 400ರ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ತಂದರು. ಬ್ಲಾಕಿನ ಬೇರಿಂಗಿನಲ್ಲಿ ಕೂರುವ ಅದರ ಭಾಗ, ಮೇನ್ ಜರ್ನಲ್, 2.65 ಇಂಚು ದಪ್ಪ, 350ರದ್ದು 2.45. ಗ್ರೈಂಡ್ ಮಾಡಿ ಇಳಿಸಿ ಕೂರಿಸಿದರು.

ಗಾತ್ರ = 0.7854 × ಬೋರ್ × ಬೋರ್ × ಸ್ಟ್ರೋಕ್ × ಸಿಲಿಂಡರ್ = 0.7854 × 4.03 × 4.03 × 3.75 × 8 = 382.7

ಈಗ ಆ ಕೆಲಸವೂ ಬೇಡ, 350ಕ್ಕೆ ನೇರ ಕೂರುವ 3.75 ಕ್ರ್ಯಾಂಕ್ ಕಿಟ್‌ನಲ್ಲೇ ಸಿಗುತ್ತದೆ. ಆದರೆ ಉದ್ದ ಸ್ಟ್ರೋಕ್‌ಗೆ ಒಳಗೆ ಜಾಗ ಸಾಲುವುದಿಲ್ಲ. ಕನೆಕ್ಟಿಂಗ್ ರಾಡಿನ ಬೋಲ್ಟು ಸುತ್ತುವಾಗ ಬ್ಲಾಕಿನ ಕೆಳ ಅಂಚಿಗೂ, ಮೇಲೆ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿಗೂ ತಾಗಬಹುದು. ಅದಕ್ಕೆ ಕ್ರ್ಯಾಂಕನ್ನು ಕೈಯಿಂದ ನಿಧಾನ ತಿರುಗಿಸುತ್ತಾ, ತಾಗುವ ಕಡೆ ಗುರುತು ಹಾಕಿ, ಗ್ರೈಂಡರ್ ಹಿಡಿದು ಒಂದೂವರೆ ಮಿಲಿಮೀಟರ್ ಸಂದು ಮಾಡುತ್ತಾರೆ. ಎಂಟು ರಾಡಿಗೂ ಒಂದೊಂದೇ ನೋಡಬೇಕು. ಆಮೇಲೆ ಬ್ಲಾಕನ್ನು ಚೆನ್ನಾಗಿ ತೊಳೆಯಬೇಕು, ಇಲ್ಲದಿದ್ದರೆ ಆ ಪುಡಿಯೇ ಬೇರಿಂಗ್ ತಿನ್ನುತ್ತದೆ.

ಇಷ್ಟೆಲ್ಲ ಯಾಕೆ, 350ನ್ನೇ ಜೋರಾಗಿ ತಿರುಗಿಸಿದರೆ ಆಗಲ್ವಾ? ಆಗುತ್ತದೆ. ಎಂಜಿನ್ ಒಂದೇ ಥರ ಉಸಿರಾಡುತ್ತದೆ ಅಂದುಕೊಂಡರೆ ಪವರ್ ಅಂದರೆ ಗಾತ್ರ ಗುಣಿಸು ಆರ್‌ಪಿಎಂ. 350 ಎಂಜಿನ್ 6,500ರಲ್ಲಿ ಕೊಡುವ ಪವರನ್ನು 383 ಎಂಜಿನ್ ಎಷ್ಟರಲ್ಲಿ ಕೊಡುತ್ತದೆ?

6,500 × 350 ÷ 383 = 5,940

ಸ್ಟ್ರೋಕ್ ಉದ್ದವಾದರೆ ಪಿಸ್ಟನ್ ವೇಗ ಜಾಸ್ತಿಯಾಗಿ ಸವೆಯುವುದಿಲ್ಲವಾ ಅನ್ನುವ ಅನುಮಾನ ನನಗೂ ಇತ್ತು. ಲೆಕ್ಕ ಹಾಕಿ: 2 × ಸ್ಟ್ರೋಕ್ × ಆರ್‌ಪಿಎಂ ÷ 12. 350ಕ್ಕೆ ನಿಮಿಷಕ್ಕೆ 3,770 ಅಡಿ. 383ಕ್ಕೆ 3,712. ಜಾಸ್ತಿ ಆಗಲಿಲ್ಲ, ಚೂರು ಕಡಿಮೆಯೇ ಆಯಿತು.

ಕ್ಯಾಮ್ ಮತ್ತು ಬ್ರೇಕ್

ಆ 560 ಆರ್‌ಪಿಎಂ ಉಳಿತಾಯದ ಬೆಲೆ ಸಿಗ್ನಲ್‌ನಲ್ಲಿ ಗೊತ್ತಾಗುತ್ತದೆ. 6,500ರವರೆಗೆ ಉಸಿರಾಡಬೇಕಾದ ಕ್ಯಾಮ್ ವಾಲ್ವುಗಳನ್ನು ಜಾಸ್ತಿ ಹೊತ್ತು ತೆರೆದಿಡುತ್ತದೆ. ಐಡ್ಲಿಂಗ್‌ನಲ್ಲಿ ಅದೇ ತೊಂದರೆ. ಸ್ಟಾಕ್ ಕ್ಯಾಮ್‌ನಲ್ಲಿ ಗೇಜು 18 ಇಂಚು (ಪಾದರಸದ ಅಳತೆ) ವ್ಯಾಕ್ಯೂಮ್ ತೋರಿಸಿದರೆ ರೇಸಿನ ಕ್ಯಾಮ್‌ನಲ್ಲಿ 10ಕ್ಕೆ ಇಳಿದು, ಮುಳ್ಳು ಗಡಗಡ ನಡುಗುತ್ತದೆ. ಬ್ರೇಕ್ ಒತ್ತಲು ನೆರವಾಗುವ ಬೂಸ್ಟರ್ ಓಡುವುದು ಇದೇ ವ್ಯಾಕ್ಯೂಮ್‌ನಿಂದ. ಪೆಡಲ್ ಕಲ್ಲಾಗುತ್ತದೆ. 383ಕ್ಕೆ ಸ್ವಲ್ಪ ಮೆತ್ತಗಿನ ಕ್ಯಾಮ್ ಸಾಕು. ಅದೇ ಕ್ಯಾಮ್ ದೊಡ್ಡ ಎಂಜಿನ್ನಿನಲ್ಲಿ ಇನ್ನೂ ಮೆತ್ತಗೆ ನಡೆದುಕೊಳ್ಳುತ್ತದೆ.

ಪೆಟ್ರೋಲ್ ವಿಷಯದಲ್ಲಿ ನಾನು ಎಡವಿದ್ದೆ. ಕಬ್ಬಿಣದ ಹೆಡ್ ಇದ್ದರೆ ಕಂಪ್ರೆಷನ್ 9.5, ಅಲ್ಯೂಮಿನಿಯಂ ಇದ್ದರೆ 10ರಿಂದ 10.5, ಅಮೆರಿಕದ ಬಂಕಿನ 93 ಆಕ್ಟೇನ್ (ಪೆಟ್ರೋಲ್ ತಾನಾಗಿ ಸಿಡಿಯದೆ ಎಷ್ಟು ಒತ್ತಡ ತಡೆಯುತ್ತದೆ ಅನ್ನುವ ಅಂಕಿ) ಸಾಕು ಅಂತ ಓದಿ, ಆಗ ನಮ್ಮ ಬಂಕಿನಲ್ಲಿದ್ದ 91ರ ಹತ್ತಿರವೇ ಇದೆಯಲ್ಲ ಅಂದುಕೊಂಡೆ. ಅಲ್ಲ. ಆಕ್ಟೇನ್ ಅಳೆಯಲು ಎರಡು ಪರೀಕ್ಷೆಗಳಿವೆ, ಆರ್‌ಒಎನ್ ಮತ್ತು ಎಂಒಎನ್. ನಮ್ಮಲ್ಲಿ ಬರೆಯುವುದು ಆರ್‌ಒಎನ್. ಅಮೆರಿಕದಲ್ಲಿ ಆರ್‌ಒಎನ್ ಮತ್ತು ಎಂಒಎನ್ ಎರಡರ ಸರಾಸರಿ. ನಮ್ಮ 91 ಅವರ 87ಕ್ಕೆ ಹತ್ತಿರ. ಅವರ 93 ನಮ್ಮ ಲೆಕ್ಕದಲ್ಲಿ ಸುಮಾರು 98. ಇದನ್ನು ಗುರುತಿಸದೆ ಕಂಪ್ರೆಷನ್ ಲೆಕ್ಕ ಹಾಕಿದರೆ ಕಾಗದದ ಮೇಲೇ ಎಂಜಿನ್ ನಾಕ್ ಹೊಡೆಯುತ್ತದೆ.

ಹಿಂದಿನ ಆಕ್ಸಲ್

ಸ್ಟ್ರಿಪ್‌ಗೆ 4.10 ಆಕ್ಸಲ್ ಅನ್ನುತ್ತಾರೆ. ಅಂದರೆ ಚಕ್ರ ಒಂದು ಸುತ್ತು ಬರಲು ಗೇರ್‌ಬಾಕ್ಸಿನಿಂದ ಬರುವ ದಂಡ 4.10 ಸುತ್ತು ತಿರುಗಬೇಕು. ರಸ್ತೆಯಲ್ಲಿ ಏನಾಗುತ್ತದೆ ನೋಡಿ.

ಆರ್‌ಪಿಎಂ = ಮೈಲಿ ವೇಗ × ಆಕ್ಸಲ್ ಅನುಪಾತ × 336 ÷ ಟೈರಿನ ವ್ಯಾಸ (ಇಂಚು)

65 ಮೈಲಿ ವೇಗ, 26 ಇಂಚಿನ ಟೈರ್. 4.10ಕ್ಕೆ 3,444. ಎರಡು ಗಂಟೆ ಹೀಗೆ ಕೂಗಿಸಿಕೊಂಡು ಹೋದರೆ ಕಿವಿ ಹೋಗುತ್ತದೆ. 3.73 ಹಾಕಿದರೆ 3,133. ಅದಕ್ಕೆ 0.70 ಓವರ್‌ಡ್ರೈವ್ (ಎಂಜಿನ್ 0.70 ಸುತ್ತು ತಿರುಗಿದರೆ ದಂಡ ಒಂದು ಸುತ್ತು ತಿರುಗುವ ಮೇಲಿನ ಗೇರ್) ಇರುವ 700ಆರ್4 ಗೇರ್‌ಬಾಕ್ಸ್ ಸೇರಿಸಿದರೆ ಸುಮಾರು 2,190. 450 ಹಾರ್ಸ್‌ಪವರ್‌ಗೆ ಆ ಗೇರ್‌ಬಾಕ್ಸನ್ನು ಬಲಪಡಿಸಲೇಬೇಕು. ಆಕ್ಸಲ್ ಕೂಡ ಹಾಗೆಯೇ. ಕಾರಿನಲ್ಲಿ 10 ಬೋಲ್ಟಿನದ್ದಿದ್ದರೆ ಹಿಡಿಯುವ ಟೈರ್ ಹಾಕಿದ ದಿನ ಅದು ಮುರಿಯುವ ಸಾಧ್ಯತೆ ಹೆಚ್ಚು. 12 ಬೋಲ್ಟಿನದ್ದು ಬೇಕು. ಬಜೆಟ್ಟಿನಲ್ಲಿ ಇದನ್ನು ಮೊದಲು ಬರೆದು, ಉಳಿದ ದುಡ್ಡಿನಲ್ಲಿ ಎಂಜಿನ್ ನೋಡಿ.

ಬೋರ್ ಮಾಡಿಸುವ ಮುಂಚೆ

ಬ್ಲಾಕಿನ ಮುಂಭಾಗದಲ್ಲಿ, (ಡ್ರೈವರ್ ಸೀಟಿನಲ್ಲಿ ಕೂತು ನೋಡಿದಾಗಿನ) ಬಲಗಡೆ ಹೆಡ್‌ನ ಮುಂದೆ, ಹೆಬ್ಬೆರಳಿನಗಲದ ಒಂದು ಚಪ್ಪಟೆ ಜಾಗವಿದೆ. ಚಿಂದಿ ಬಟ್ಟೆಯಿಂದ ಜಿಡ್ಡು ಒರೆಸಿ ನೋಡಿ. ಅಲ್ಲಿ ಒತ್ತಿರುವ ಅಕ್ಷರ, ಅಂಕಿಗಳು ಈ ಎಂಜಿನ್ ಈ ಕಾರಿನದ್ದೇ ಅಲ್ಲವೇ ಅಂತ ಹೇಳುತ್ತವೆ. ಮಾರುವಾಗ ಬೆಲೆ ನಿಲ್ಲುವುದು ಅದರ ಮೇಲೆ. ವರ್ಕ್‌ಶಾಪಿನಲ್ಲಿ ಬ್ಲಾಕಿನ ಮೇಲ್ಮೈ ಸಮ ಮಾಡುವಾಗ ಅದೂ ಚಕ್ಕೆಯಾಗಿ ಹೋಗುತ್ತದೆ. ನಂಬರ್ ಕಾರಿನ ನಂಬರಿಗೆ ಹೊಂದುತ್ತಿದ್ದರೆ ಆ ಎಂಜಿನ್ನಿಗೆ ಎಣ್ಣೆ ಸವರಿ, ಪ್ಲಾಸ್ಟಿಕ್ ಸುತ್ತಿ ಮೂಲೆಯಲ್ಲಿಡಿ. 383 ಮಾಡಲು ಯಾವುದಾದರೂ ಹಳೇ ಪಿಕಪ್ ಟ್ರಕ್ಕಿನ 350 ಬ್ಲಾಕ್ ಹುಡುಕಿ. ಅಮೆರಿಕದ ಗುಜರಿ ಅಂಗಡಿಗಳಲ್ಲಿ ಅದಕ್ಕೆ ಬರ ಇಲ್ಲ.