ಪದ ಪರಿಚಯ: ಹೈಬ್ರಿಡ್ ಕ್ಲೋಸ್ಡ್ ಲೂಪ್, ಬಸಿರಿನಲ್ಲಿ

ಚರ್ಮದಡಿ ಸಕ್ಕರೆ ಅಳೆಯುವ ಸೆನ್ಸರ್, ಇನ್ಸುಲಿನ್ ಪಂಪ್, ಎರಡರ ನಡುವೆ ಲೆಕ್ಕ ಹಾಕುವ ಆಲ್ಗಾರಿದಂ: ಈ ಮೂರೂ ಸೇರಿ ಕೆಲವೇ ನಿಮಿಷಕ್ಕೊಮ್ಮೆ ಇನ್ಸುಲಿನ್ ಏರಿಳಿಸುವ ಸುತ್ತಿಗೆ ಕ್ಲೋಸ್ಡ್ ಲೂಪ್ ಎನ್ನುತ್ತಾರೆ. ತೂಕವಿರುವುದು 'ಹೈಬ್ರಿಡ್' ಎಂಬ ಮಾತಿಗೆ. ಊಟದ ಲೆಕ್ಕವನ್ನು ಯಂತ್ರಕ್ಕೆ ನೀವೇ ಹೇಳಬೇಕು.

ಟೈಪ್ ಒನ್ ಮಧುಮೇಹ ಇರುವವರ ಸಕ್ಕರೆಯ ಸಾಮಾನ್ಯ ಗುರಿ 70ರಿಂದ 180 (ಮಿ.ಗ್ರಾಂ/ಡೆಸಿಲೀಟರ್). ಬಸುರಿಗೆ 63ರಿಂದ 140, ಅದೂ ದಿನದ 70%ಕ್ಕಿಂತ ಹೆಚ್ಚು ಹೊತ್ತು, ಅಂದರೆ ಹತ್ತಿರಹತ್ತಿರ 17 ತಾಸು. ಇಲ್ಲೇ ತೊಡಕು. ಮಿನಿಮೆಡ್ 780ಜಿ ಪಂಪಿನ ಗುರಿ 100ಕ್ಕಿಂತ ಕೆಳಗೆ ಇಳಿಯದು. ಫೋನಿನಲ್ಲಿ ಓಡುವ ಆಲ್ಗಾರಿದಂ ಆ್ಯಪ್ ಕ್ಯಾಮ್‌ಎಪಿಎಸ್ ಎಫ್‌ಎಕ್ಸ್ 80ರವರೆಗೂ ಇಳಿಯುತ್ತದೆ, ಬಸಿರಿಗೆ ಮಂಜೂರಾತಿಯೂ ಇದೆ. ಬ್ರಿಟನ್ನಿನಲ್ಲಿ 124 ಬಸುರಿಯರ ಮೇಲೆ ಅದನ್ನೇ ಪರೀಕ್ಷಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು: ಲೂಪ್ ಇದ್ದವರು ಗುರಿಯೊಳಗಿದ್ದದ್ದು 68% ಹೊತ್ತು, ಇಲ್ಲದವರು 56%.

ಮೊದಲ ಮೂರು ತಿಂಗಳ ಕೊನೆಗೆ ಸಕ್ಕರೆ ಥಟ್ಟನೆ ಕುಸಿಯುವುದುಂಟು. ಲೂಪ್ ಆಗಲೇ ಇನ್ಸುಲಿನ್ ತಡೆದಿರುತ್ತದೆ, ಹಾಗಾಗಿ ಒಂದೆರಡು ಚಮಚ ಸಕ್ಕರೆ ಸಾಕಾಗುವುದೇ ಹೆಚ್ಚು. 15 ನಿಮಿಷ ಬಿಟ್ಟು ಮತ್ತೆ ನೋಡಿ. ಗಾಬರಿಯಲ್ಲಿ ಬೆಲ್ಲದ ಉಂಡೆ ನುಂಗಿದರೆ ಮುಂದಿನ ತಾಸಿಗೆ 200. ಐದನೇ ತಿಂಗಳಿನಿಂದ ಇನ್ಸುಲಿನ್ ಬೇಡಿಕೆ ಏರುತ್ತ ಕೊನೆಗೆ ಎರಡು ಮೂರು ಪಟ್ಟಾಗಬಹುದು. ಡೋಸ್ ಕೆಲಸಕ್ಕೆ ಹತ್ತುವುದೂ ತಡ, ಮೊದಲು ಊಟಕ್ಕೆ 15 ನಿಮಿಷ ಮುಂಚೆ ಕೊಡುತ್ತಿದ್ದರೆ ಈಗ ಅರ್ಧ ತಾಸು ಬೇಕಾದೀತು.

ರೊಟ್ಟಿಯನ್ನು ಅಗಲ ನೋಡಿ ಎಣಿಸಬೇಡಿ, ಹಿಟ್ಟು ತೂಗಿ. 40 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಅಂದಾಜು 27 ಗ್ರಾಂ ಕಾರ್ಬ್ (ಸಕ್ಕರೆಯಾಗುವ ಪಿಷ್ಟ). ಕುಬಸದ ದಿನವಂತೂ ಬಂದವರೆಲ್ಲ ಬಾಯಿಗಿಡುವ ಶೇಂಗಾ ಹೋಳಿಗೆ, ಕುಂದಾದ ತುಣುಕುಗಳನ್ನು ಯಾರೂ ಯಂತ್ರಕ್ಕೆ ಹೇಳುವುದಿಲ್ಲ. ಏರಿದ ಮೇಲೆ ಅದು ಬೆನ್ನಟ್ಟಬಲ್ಲದೇ ಹೊರತು ಮುಂಚೆ ತಿಳಿಯಲಾರದು.

ಭಯಪಡಬೇಕಾದ್ದು ಕ್ಯಾನುಲಾ, ಅಂದರೆ ಚರ್ಮದೊಳಗೆ ಇನ್ಸುಲಿನ್ ಒಯ್ಯುವ ಸಣ್ಣ ನಳಿಕೆ, ಮಡಚಿದಾಗ. ಪಂಪಿನಲ್ಲಿರುವುದು ಬೇಗ ಕರಗುವ ಇನ್ಸುಲಿನ್ ಮಾತ್ರ. ಹರಿವು ನಿಂತರೆ ಕೆಲವೇ ತಾಸಿನಲ್ಲಿ ಕೀಟೋನ್ (ಕೊಬ್ಬು ಕರಗಿ ರಕ್ತದಲ್ಲಿ ಸೇರುವ ಆಮ್ಲ) ಹುಟ್ಟುತ್ತದೆ, ಬಸುರಿಗೆ ಸಕ್ಕರೆ 200ರ ಆಸುಪಾಸಿದ್ದರೂ. ತಿದ್ದುಪಡಿ ಡೋಸಿಗೆ ಸಕ್ಕರೆ ಜಗ್ಗದಿದ್ದರೆ ಕೀಟೋನ್ ನೋಡಿ, ಇನ್ಸುಲಿನ್ ಪೆನ್ನಿನಿಂದ ಚುಚ್ಚಿ, ಸೆಟ್ (ಕ್ಯಾನುಲಾ, ಅದರ ಕೊಳವೆ) ಬದಲಿಸಿ. ಕೀಟೋನ್ ಕಂಡರೆ, ವಾಂತಿಯಾದರೆ ಆಸ್ಪತ್ರೆಗೇ ಹೋಗಿ. ಇಳಕಲ್ಲಿನಲ್ಲಿ ನಡುರಾತ್ರಿ ಸೆಟ್ ಸಿಗಲಿಕ್ಕಿಲ್ಲ, ಎರಡು ಮನೆಯಲ್ಲಿರಲಿ. ವಿಜಯಪುರದ ಮೇ ಬಿಸಿಲಿಗೆ ಪಂಪಿನೊಳಗಿನ ಇನ್ಸುಲಿನ್ನೂ ಕೆಡುತ್ತದೆ.

ಹೆರಿಗೆಯಾಗಿ ಮಾಸು ಬಿದ್ದೊಡನೆ ಬೇಡಿಕೆ ಧೊಪ್ಪನೆ ಇಳಿಯುತ್ತದೆ. ಆಗಿನ ಸೆಟ್ಟಿಂಗುಗಳನ್ನು ಡಾಕ್ಟರರಿಂದ ಒಂಬತ್ತನೇ ತಿಂಗಳಲ್ಲೇ ಬರೆಸಿಟ್ಟುಕೊಳ್ಳಿ.