ಇಲಿಗೆ ಸೊಪ್ಪಿನ ರಸ ಕುಡಿಸಿದ್ದು ಯಾವಾಗ?

ಸೊಪ್ಪು ಲಿವರ್ ಕಾಯುತ್ತದೆಯೇ ಎಂದು ನೋಡಲು ಲ್ಯಾಬಿನಲ್ಲಿ ಏಳು ದಿನ ಇಲಿಗೆ ಸೊಪ್ಪಿನ ರಸ ಕುಡಿಸುತ್ತಾರೆ. ಆಮೇಲೆ ಪ್ಯಾರಾಸಿಟಮಾಲ್ ಕೊಡುತ್ತಾರೆ, ಅದೂ ಲಿವರ್ ಕೆಡುವಷ್ಟು. ಮಾರನೇ ದಿನ ರಕ್ತ ತೆಗೆದು ಎಸ್‌ಜಿಪಿಟಿ, ಎಸ್‌ಜಿಒಟಿ ನೋಡುತ್ತಾರೆ. ಇವು ಲಿವರ್ ಕೋಶದ ಒಳಗಿರಬೇಕಾದ ಕಿಣ್ವಗಳು. ಕೋಶ ಒಡೆದರೆ ರಕ್ತಕ್ಕೆ ಸೋರುತ್ತವೆ. ರಸ ಕುಡಿದ ಇಲಿಯಲ್ಲಿ ಅಂಕಿ ಕಡಿಮೆ, ಕುಡಿಯದ ಇಲಿಯಲ್ಲಿ ಜಾಸ್ತಿ. ಪ್ರಬಂಧ ಸಿದ್ಧ.

ನೆಲನೆಲ್ಲಿ, ನೆಲಬೇವು, ಕಟುಕರೋಹಿಣಿ, ಗರುಗದ ಸೊಪ್ಪು, ಅಮೃತಬಳ್ಳಿ, ನುಗ್ಗೆ. ಇವೆಲ್ಲ ಇಂಥ ಪರೀಕ್ಷೆಗೆ ಕೂತು ಪಾಸಾಗಿವೆ. ಫೇಲಾದ ಸೊಪ್ಪಿನ ಸುದ್ದಿ ಓದಲು ಸಿಗುವುದೇ ಅಪರೂಪ. ಇಷ್ಟೊಂದು ಗಿಡಗಳು ಲಿವರ್ ಕಾಯುತ್ತವೆ ಅಂದಮೇಲೆ, ಪ್ಯಾರಾಸಿಟಮಾಲ್ ಜಾಸ್ತಿಯಾಗಿ ಆಸ್ಪತ್ರೆಗೆ ಬಂದವರಿಗೆ ಡಾಕ್ಟರು ಇದರಲ್ಲಿ ಒಂದನ್ನಾದರೂ ಕೊಡಬೇಕಿತ್ತು, ಅಲ್ವಾ? ಕೊಡುವುದಿಲ್ಲ. ಯಾಕೆಂದು ತಿಳಿಯಲು ಲಿವರ್ ಒಳಗೆ ಹೋಗಬೇಕು.

ನಾವು ನುಂಗುವ ಪ್ಯಾರಾಸಿಟಮಾಲ್‌ನಲ್ಲಿ ಹೆಚ್ಚಿನ ಪಾಲು ಯಾವ ತಕರಾರೂ ಇಲ್ಲದೆ ಮೂತ್ರದಲ್ಲಿ ಹೋಗುತ್ತದೆ. ಸ್ವಲ್ಪ ಪಾಲು ಮಾತ್ರ ಸಿವೈಪಿ2ಇ1 ಎಂಬ ಕಿಣ್ವದ ಕೈಗೆ ಸಿಕ್ಕಿ ನ್ಯಾಪ್‌ಕ್ವಿ ಎಂಬ ವಿಷವಾಗುತ್ತದೆ. ಮಾತ್ರೆಗಿಂತ ಅದರಿಂದ ಹುಟ್ಟುವ ಈ ನ್ಯಾಪ್‌ಕ್ವಿಯೇ ಅಪಾಯಕಾರಿ. ಆದರೂ ದಿನಾ ಎಷ್ಟೋ ಜನ ಮಾತ್ರೆ ನುಂಗಿ ಆರಾಮಾಗಿದ್ದಾರೆ. ಕಾರಣ ಲಿವರ್‌ನಲ್ಲಿರುವ ಗ್ಲುಟಾಥಯೋನ್. ಮದುವೆ ಮನೆಯಲ್ಲಿ ಊಟ ಮುಗಿದಂತೆ ಎಲೆ ಎತ್ತುವವರಿರುತ್ತಾರಲ್ಲ, ಅಂಥ ಕೆಲಸ ಇದರದು. ನ್ಯಾಪ್‌ಕ್ವಿ ಹುಟ್ಟಿದ ಕೂಡಲೇ ಹಿಡಿದು ಹೊರಗೆ ಹಾಕುತ್ತದೆ. ಇನ್ನೂರು ಜನರಿಗೆ ಲೆಕ್ಕ ಹಾಕಿದ ಪಂಕ್ತಿಗೆ ಎರಡು ಸಾವಿರ ಜನ ಬಂದರೆ ಎಲೆ ಎತ್ತುವವರು ಸೋತು ಕೂರುತ್ತಾರೆ. ಲಿವರ್‌ನಲ್ಲೂ ಅದೇ ಆಗುತ್ತದೆ. ಗ್ಲುಟಾಥಯೋನ್ ಖಾಲಿಯಾದರೆ ನ್ಯಾಪ್‌ಕ್ವಿ ಕೋಶದ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಕೆಡುತ್ತದೆ, ಕೋಶ ಸಾಯುತ್ತದೆ.

ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮಿತಿ. 650 ಮಿಲಿಗ್ರಾಂ ಮಾತ್ರೆಯಾದರೆ ಆರಕ್ಕೇ ಹತ್ತಿರಹತ್ತಿರ ಅಷ್ಟಾಯಿತು. ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ ಎನ್ನುವುದನ್ನು ಲೆಕ್ಕಕ್ಕೆ ಸೇರಿಸುವವರು ಕಡಿಮೆ.

ಈಗ ಇಲಿಯ ಹತ್ತಿರ ವಾಪಸ್ ಬರೋಣ. ಏಳು ದಿನ ಮೊದಲೇ ರಸ ಕುಡಿದ ಇಲಿಯ ಲಿವರ್ ಉಳಿದದ್ದು ಹೇಗೆ? ಎರಡು ದಾರಿ ಇವೆ. ರಸವು ವಿಷದ ಏಟು ತಡೆದಿರಬಹುದು. ಇಲ್ಲವೇ ಸಿವೈಪಿ2ಇ1 ಕಿಣ್ವವನ್ನೇ ಕಟ್ಟಿಹಾಕಿ, ವಿಷ ಹುಟ್ಟದಂತೆ ಮಾಡಿರಬಹುದು. ಎರಡರಲ್ಲೂ ಎಸ್‌ಜಿಪಿಟಿ ಕಡಿಮೆಯೇ ಬರುತ್ತದೆ. ಎರಡನೆಯದು ನಿಜವಾದರೆ ಅದನ್ನು ಲಿವರ್ ಕಾಯುವುದು ಎನ್ನುವುದು ಕಷ್ಟ. ಒಲೆ ಹಚ್ಚದ ಮನೆಯಲ್ಲಿ ಹಾಲು ಉಕ್ಕಲಿಲ್ಲ ಎಂದು ಪಾತ್ರೆಯನ್ನು ಹೊಗಳಿದ ಹಾಗೆ.

ಇದು ಸುಮ್ನೆ ತೆಗೆದ ತಕರಾರಲ್ಲ. ನೀರಿನಲ್ಲಿ ಕರಗದ ಗಿಡದ ಸಾರವನ್ನು ಕರಗಿಸಲು ಲ್ಯಾಬುಗಳಲ್ಲಿ ಡಿಎಂಎಸ್‌ಒ ಎಂಬ ದ್ರಾವಕ ಬಳಸುತ್ತಾರೆ. ಈ ದ್ರಾವಕವೇ ಪ್ಯಾರಾಸಿಟಮಾಲ್ ವಿಷವಾಗುವುದನ್ನು ತಡೆಯುತ್ತದೆ. ಅಂದರೆ ಸೊಪ್ಪಿಲ್ಲದೆ ಬರೀ ದ್ರಾವಕ ಕೊಟ್ಟರೂ ಲಿವರ್ ಹಾನಿ ಕಡಿಮೆಯಾಗುತ್ತದೆ! ಇದನ್ನು ಲೆಕ್ಕಕ್ಕೆ ಹಿಡಿಯದೆ ಎಲ್ಲ ಕೀರ್ತಿಯನ್ನೂ ಸೊಪ್ಪಿಗೆ ಕೊಟ್ಟ ಪ್ರಬಂಧಗಳಿವೆ.

ಇನ್ನೊಂದು ವಿಷಯ. ಇಲಿ ಪ್ಯಾರಾಸಿಟಮಾಲ್‌ಗೆ ಅಷ್ಟು ಸುಲಭವಾಗಿ ಬಗ್ಗುವ ಪ್ರಾಣಿಯಲ್ಲ. ಅದಕ್ಕೇ ಒಂದು ಕಿಲೋ ತೂಕಕ್ಕೆ 2 ಗ್ರಾಂ ಲೆಕ್ಕದಲ್ಲಿ ಸುರಿಯುತ್ತಾರೆ. ಮನುಷ್ಯ ಇದಕ್ಕಿಂತ ಎಷ್ಟೋ ನಾಜೂಕು. ಒಂದೇ ಸಲಕ್ಕೆ ಒಟ್ಟು 10 ಗ್ರಾಂ ದಾಟಿದರೂ ಅಪಾಯ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಹೊತ್ತಿನದು. ಮಾತ್ರೆ ಜಾಸ್ತಿ ನುಂಗುವ ಮನುಷ್ಯ ವಾರದಿಂದ ನೆಲಬೇವಿನ ಕಷಾಯ ಕುಡಿದು ತಯಾರಾಗಿರುವುದಿಲ್ಲ. ಅವನು ಆಸ್ಪತ್ರೆಗೆ ಬರುವುದೇ ನುಂಗಿ ಕೆಲವು ಗಂಟೆಗಳಾದ ಮೇಲೆ. ಅಷ್ಟು ಹೊತ್ತಿಗೆ ಬೇಕಾದಷ್ಟು ವಿಷ ಹುಟ್ಟಿಯಾಗಿರುತ್ತದೆ. 1970ರ ದಶಕದಲ್ಲಿ ಬಳಕೆಗೆ ಬಂದ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಔಷಧ ಗೆದ್ದದ್ದು ಇಲ್ಲಿ. ಖಾಲಿಯಾದ ಗ್ಲುಟಾಥಯೋನನ್ನು ಮತ್ತೆ ತಯಾರಿಸಲು ಲಿವರ್‌ಗೆ ಬೇಕಾದ ಕಚ್ಚಾಮಾಲನ್ನು ಅದು ಒದಗಿಸುತ್ತದೆ. ನುಂಗಿದ 8 ಗಂಟೆಯೊಳಗೆ ಶುರುಮಾಡಿದರೆ ಲಿವರ್ ಉಳಿಯುವುದು ಬಹುಮಟ್ಟಿಗೆ ಖಾತ್ರಿ. ತಡವಾದಷ್ಟೂ ಫಲ ಇಳಿಯುತ್ತದೆ.

ಹಾಗಾದರೆ ಆಮೇಲೆ ಕೊಟ್ಟರೂ ಕೆಲಸ ಮಾಡುವ ಗಿಡದ ಮದ್ದೇ ಇಲ್ಲವೇ? ಒಂದಿದೆ. ಆದರೆ ಮಾತ್ರೆಯ ವಿಷಕ್ಕಲ್ಲ, ಅಣಬೆಯ ವಿಷಕ್ಕೆ. ಯೂರೋಪಿನ ಕಾಡುಗಳಲ್ಲಿ ಡೆತ್ ಕ್ಯಾಪ್ ಎಂಬ ಅಣಬೆ ಬೆಳೆಯುತ್ತದೆ. ನೋಡಲು ಸಾಧು, ತಿಂದರೆ ಲಿವರ್ ಹೋಗುತ್ತದೆ. ಅಲ್ಲಿನ ಡಾಕ್ಟರು ಇದಕ್ಕೆ ಸಿಲಿಬಿನಿನ್ ಅನ್ನು ರಕ್ತನಾಳಕ್ಕೇ ಕೊಡುತ್ತಾರೆ. ಮಿಲ್ಕ್ ಥಿಸಲ್ ಎಂಬ ಮುಳ್ಳುಗಿಡದ ಬೀಜದಿಂದ ತೆಗೆದದ್ದು ಅದು. ನಮ್ಮ ಔಷಧಿ ಅಂಗಡಿಯ ‘ಲಿವರ್ ಮಾತ್ರೆ’ಗಳಲ್ಲಿ ಕಾಣುವ ಸಿಲಿಮರಿನ್ ಕೂಡ ಇದೇ ಗಿಡದ್ದು. ಅಣಬೆಯ ವಿಷ ಲಿವರ್‌ನಿಂದ ಪಿತ್ತದ ಜೊತೆ ಕರುಳಿಗೆ ಹೋಗಿ, ಅಲ್ಲಿಂದ ಮತ್ತೆ ಲಿವರ್‌ಗೆ ಬಂದು ಸುತ್ತು ಹೊಡೆಯುತ್ತಿರುತ್ತದೆ. ಅದು ಲಿವರ್ ಕೋಶದ ಒಳಗೆ ನುಗ್ಗುವ ಬಾಗಿಲನ್ನೇ ಸಿಲಿಬಿನಿನ್ ಮುಚ್ಚುತ್ತದೆ. ವಿಷ ಮತ್ತೆ ಮತ್ತೆ ಬಾಗಿಲಿಗೆ ಬರುವುದರಿಂದಲೇ ತಡವಾಗಿ ಮುಚ್ಚಿದರೂ ಉಪಯೋಗವಿದೆ. ನ್ಯಾಪ್‌ಕ್ವಿ ಹುಟ್ಟುವುದೇ ಮನೆಯೊಳಗೆ. ಅಲ್ಲಿ ಬಾಗಿಲು ಹಾಕಿ ಏನು ಮಾಡುವುದು?

ನಮ್ಮ ಕಡೆ ಕಾಮಾಲೆಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡುತ್ತಾರೆ. ಅಲ್ಲೂ ಹೊತ್ತಿನ ಆಟವಿದೆ. ನೀರಿನಿಂದ ಬರುವ ಹೆಪಟೈಟಿಸ್ ಎ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಕುಡಿದ ಔಷಧಕ್ಕೆ ಹೆಸರು ಬರುತ್ತದೆ.

ಸೊಪ್ಪಿನಿಂದಲೇ ಲಿವರ್ ಕೆಟ್ಟ ಉದಾಹರಣೆಗಳೂ ಇವೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದು ಲಿವರ್ ಊದಿಸಿಕೊಂಡವರ ಬಗ್ಗೆ ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಅಮೆರಿಕದಲ್ಲಿ ಮಾತ್ರೆ-ಮದ್ದುಗಳಿಂದ ಲಿವರ್ ಕೆಟ್ಟವರ ದಾಖಲೆ ಇಡುವ ಸಂಶೋಧಕರು ಅರಿಶಿನದ ಪ್ರಕರಣ 10 ಎಣಿಸಿದರು. ಅದರಲ್ಲಿ 7 ಜನರಲ್ಲಿ ರೋಗನಿರೋಧಕ ವ್ಯವಸ್ಥೆಗೆ ಸೇರಿದ ಒಂದು ಜೀನ್‌ನ ಒಂದೇ ರೂಪ ಇತ್ತು. ಪರೀಕ್ಷಿಸಿದ 7 ಉತ್ಪನ್ನಗಳಲ್ಲಿ 3ರಲ್ಲಿ ಕಾಳುಮೆಣಸಿನ ಪಿಪರಿನ್ ಬೆರೆಸಿತ್ತು.

ಮೆಣಸು ಯಾಕೆ? ಇದಕ್ಕೆ ಬೆಂಗಳೂರಿನ ನಂಟಿದೆ. ಅರಿಶಿನದ ಕರ್ಕ್ಯುಮಿನ್ ಅನ್ನು ಸುಮ್ನೆ ನುಂಗಿದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ. 1998ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಅದರ ಜೊತೆ ಪಿಪರಿನ್ ಕೊಟ್ಟು ನೋಡಿದರು. ಮನುಷ್ಯರಲ್ಲಿ ಕರ್ಕ್ಯುಮಿನ್ ಸೇರುವ ಪ್ರಮಾಣ 2000 ಪ್ರತಿಶತ ಏರಿತು. ಔಷಧಗಳನ್ನು ಬೇಗ ಕರಗಿಸಿ ಹೊರಗೆ ಹಾಕುವ ದೇಹದ ವ್ಯವಸ್ಥೆಯನ್ನು ಪಿಪರಿನ್ ನಿಧಾನ ಮಾಡುತ್ತದೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೂ ಪಿಪರಿನ್ ಬೆರೆಸಿದ ಕ್ಯಾಪ್ಸೂಲಿಗೂ ಹೋಲಿಕೆಯೇ ಇಲ್ಲ.

‘ಮೊದಲೇ ಕೊಡುವುದು’ ನ್ಯಾಯವಾಗಿ ಸಾಧ್ಯವಿರುವ ಜಾಗವೂ ಒಂದಿದೆ, ಟಿಬಿ ಚಿಕಿತ್ಸೆ. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಈ ಮೂರೂ ಲಿವರ್‌ಗೆ ಭಾರ. ಮಾಮೂಲಿ ಚಿಕಿತ್ಸೆ ಆರು ತಿಂಗಳದ್ದು, ಶುರುವಾಗುವ ದಿನ ಗೊತ್ತಿರುತ್ತದೆ. ಮೊದಲ ದಿನದಿಂದಲೇ ಲಿವರ್ ಕಾಯುವ ಮದ್ದು ಜೊತೆಗೆ ಕೊಡಬಹುದು. ಸಿಲಿಮರಿನ್ ಕೊಟ್ಟು ನೋಡಿದ್ದಾರೆ. ಥಾಯ್ಲೆಂಡ್‌ನ ಸಣ್ಣ ಪ್ರಯೋಗದಲ್ಲಿ ಫಲ ಕಂಡಿತು. ಚೀನಾದಲ್ಲಿ 500ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಕಾಣಲಿಲ್ಲ. ಆದರೂ ಪ್ರಯೋಗ ನಡೆಯಬೇಕಾದ ಜಾಗ ಇದೇ ಎಂದು ನನಗೆ ಅನಿಸುತ್ತದೆ.

ಇಲ್ಲೂ ಒಂದು ತೊಡಕಿದೆ. ಭಾರತದಲ್ಲೇ ರೂಪಿಸಿದ ಒಂದು ಟಿಬಿ ಮಾತ್ರೆಯಲ್ಲಿ 10 ಮಿಲಿಗ್ರಾಂ ಪಿಪರಿನ್ ಸೇರಿಸಿ, ರಿಫಾಂಪಿಸಿನ್ ಪ್ರಮಾಣವನ್ನು 450ರಿಂದ 200 ಮಿಲಿಗ್ರಾಂಗೆ ಇಳಿಸಿದ್ದರು. ಗಿಡದ ಒಂದು ಅಂಶಕ್ಕೆ ಔಷಧದ ಲೆಕ್ಕವನ್ನು ಅಷ್ಟು ಬದಲಿಸುವ ಶಕ್ತಿ ಇದ್ದರೆ, ಬೇರೊಂದು ಸೊಪ್ಪು ಅದನ್ನು ಯಾವ ಕಡೆಗೆ ಬೇಕಾದರೂ ಎಳೆಯಬಹುದು. ಹಾಗಾಗಿ ಟಿಬಿ ರೋಗಿಯ ಎಸ್‌ಜಿಪಿಟಿ ಇಳಿಯಿತು ಎಂದರಷ್ಟೇ ಸಾಲದು. ಕಫದಿಂದ ಟಿಬಿ ಕ್ರಿಮಿ ಎಷ್ಟು ಬೇಗ ಹೋಯಿತು ಎಂಬ ಅಂಕಿಯೂ ಅದೇ ಪಟ್ಟಿಯಲ್ಲಿ, ಪಕ್ಕದಲ್ಲೇ ಇರಬೇಕು.